ಒಳದಾರ

ಕುಂಬಳೆ ಮೀನುಪೇಟೆಯ ಹಿಂದೆ
ಅಂದುಞ್ಞಿಯ ಅಂಗಡಿ:
ಕೊಡೆ ರಿಪೇರಿ, ವಾಚಿನ ಬೆಲ್ಟು, ಗಾಳ.
ರೀಲನ್ನು ಮೇಜಿನ ಮೇಲಿಟ್ಟೆ. ಮುಟ್ಟಲಿಲ್ಲ.
‘ಎಷ್ಟು ಮಳೆಗಾಲ?’ ಎಂದ.
ಎರಡು, ಎಂದೆ.
ಕನ್ನಡಕದ ಮೇಲಿಂದ ನೋಡಿದ.
ಮೂರು, ಎಂದೆ.

ತುದಿ ಹಿಡಿದು ಒಂದು ಮಾರು ಎಳೆದು ಬಿಟ್ಟ.
ತಂಗೂಸು ನೇರ ಮಲಗಲಿಲ್ಲ,
ಹಲ್ಲಿ ಬಿಟ್ಟುಹೋದ ಬಾಲದ ಹಾಗೆ
ಸುರುಳಿ ಸುತ್ತಿ ಹೊರಳಿತು.
‘ರೀಲಿಂದ ಇಳಿದಿದೆ, ರೀಲನ್ನು ಮರೆತಿಲ್ಲ.’
ಆಮೇಲೆ ಕಣ್ಣು ಮುಚ್ಚಿ
ಎರಡು ಉಗುರಿನ ಸಂದಿಯಲ್ಲಿ ಹಾಯಿಸಿದ,
ನಾನು ಹಳಿಗೆ ಸುತ್ತಿಗೆ ಬಡಿದು ಕಿವಿಗೊಡುವಂತೆ.
(ಕೀಮ್ಯಾನ್ ನಾನು. ಬಿರುಕಿನ ದನಿ
ನನಗೂ ಗೊತ್ತು, ಕಬ್ಬಿಣದಲ್ಲಾದರೆ.)
ಇಲ್ಲಿ ಮಳಿ ಚಿಪ್ಪು ಕೊಯ್ದದ್ದು.
ಇಲ್ಲಿ ಬಿಸಿಲು ತಿಂದದ್ದು.
ಇಲ್ಲಿ ನೀನು ಕಾಸುಳಿಸಲು ಎರಡು ತುಂಡು ಸೇರಿಸಿದ್ದು.
ಆ ಗಂಟನ್ನು ಸುಮ್ಮನೆ ಜಗ್ಗಿದ.
ಟಪ್.

ಬಿಚ್ಚುತ್ತ ಹೋದ.
ಮೇಲೆ ಬಿಳಿಚಿದ್ದು, ಕೆಳಗೆ ಇನ್ನೂ ನೀಲಿ,
ಅದೂ ಮುಗಿದ ಮೇಲೆ ಹಸಿರು.
‘ಇದು ನಿನ್ನದಲ್ಲ.’
ಅಲ್ಲ. ವಲೇರಿಯನ್ ಮೊಂತೇರೊ ಸುತ್ತಿದ್ದು.
ಭುಜ ಕೈಕೊಟ್ಟ ವರ್ಷ
ಏಳುನೂರು ರೂಪಾಯಿಗೆ, ಒಂದು ಚೀಲ ಸೀಸದ ಗುಂಡು ಸಮೇತ
ಕೊಟ್ಟುಬಿಟ್ಟಿದ್ದರು. ಎಡಗೈಯವರ ಗಂಟು,
ಕನ್ನಡಿಯೊಳಗೆ ಕುಳಿತು ಹಾಕಿದಂತಿತ್ತು.

ಈ ಹಸಿರನ್ನು ಒಮ್ಮೆ ಮಾತ್ರ ನೋಡಿದ್ದೆ.
ಶಿರಿಯ ಅಳಿವೆ, ಇಳಿತದ ಹೊತ್ತು,
ಕಾಳಾಂಜಿಯೇ ಇರಬೇಕು, ಮುಖ ಕಾಣಲಿಲ್ಲ.
ದಾರ ಹೋಯಿತು, ಇನ್ನೂ ಹೋಯಿತು,
ಹಣೆಯ ಟಾರ್ಚಿನ ಬೆಳಕಲ್ಲಿ ಗಂಟು
ಒಂದೊಂದೇ ಉಂಗುರಕ್ಕೆ ತಾಗಿ ಟಿಕ್ ಟಿಕ್ ಎಂದು
ಹೊರಗೆ ಹಾರಿತು. ಹಿಂದಿನಿಂದ ಹಸಿರು.
ಶಾಲೆಯಲ್ಲಿ ಕಲಿತದ್ದು ಕನ್ನಡ, ಡ್ಯೂಟಿಗೆ ಮಲಯಾಳ,
ಹೆಂಡತಿಯೊಡನೆ ಎರಡನ್ನೂ ಕಲಸಿದ್ದು.
ಆವತ್ತು ಬಾಯಿಂದ ಬಿದ್ದದ್ದು
ಅಜ್ಜಿಯ ತುಳು, ಅದೂ ಬೈಗುಳ.
ಹಸಿರು ನಿಂತಿತು. ಎಡಗೈ ಗಂಟು ನಿಂತಿತು.
ಕಡಿದದ್ದು ಮುಂದೆ, ಗಾಳದ ಹತ್ತಿರ,
ನಾನು ಹಾಕಿದ್ದು.

‘ಇದಕ್ಕೆ ಬಿಸಿಲು ಬಿದ್ದಿಲ್ಲ, ಇರಲಿ,’ ಎಂದ ಅಂದುಞ್ಞಿ.
‘ಹೆಣೆದ ದಾರ ಬಲು ನುಣುಪು. ಬುಡದಲ್ಲಿ ಇದಿಲ್ಲದಿದ್ದರೆ
ಇಡೀ ಸುತ್ತೇ ಜಾರುತ್ತದೆ.
ಮೀನು ಬರುತ್ತಿದೆ ಎಂದು ನೀನು ತಿರುಗಿಸುತ್ತಲೇ ಇರುತ್ತೀ,
ಬರುವುದು ಏನೂ ಇಲ್ಲ.’
ಹಳೆಯದಕ್ಕೆ ಹೊಸದನ್ನು ಸೇರಿಸಿ
ಎಂಜಲು ಹಚ್ಚಿ ಬಿಗಿದ.
ಒಣಗಂಟು ತನ್ನ ಬಿಸಿಗೆ ತಾನೇ ಸುಡುತ್ತದಂತೆ.

ಹೊಸ ಉರುಳೆ ಬಕೆಟ್ಟಿನ ನೀರಲ್ಲಿ ಕುಣಿಯುತ್ತಿತ್ತು.
ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ನಾನು ನಿಂತೆ,
ಅವನು ಹಿಡಿಕೆ ತಿರುಗಿಸಿದ, ಮಲಯಾಳದಲ್ಲಿ ಎಣಿಸುತ್ತ.
‘ಬಿಗಿ ಹಿಡಿ ಮಾರಾಯ,
ಇಲ್ಲಿಯ ಸಡಿಲ ಅಲ್ಲಿ ಸಿಕ್ಕಾಗುತ್ತದೆ.’
ನಡುವೆ ಯಾರೋ ಕೊಡೆ ಕೇಳಿ ಬಂದರು,
ಎಣಿಕೆ ತಪ್ಪಿತು,
ಇಬ್ಬರೂ ತಪ್ಪಿಲ್ಲದವರಂತೆ ಮುಂದುವರಿಸಿದೆವು.
ಅಂಚಿಗೆ ಕುಚ್ಚಿಲಕ್ಕಿಯ ಒಂದು ಕಾಳಿನಷ್ಟು ಬಾಕಿಯಿಟ್ಟು
ನಿಲ್ಲಿಸಿದ. ತುಂಬಿ ತುಳುಕಿದರೆ
ಎಸೆದಾಗ ಗೊಂಚಲೇ ಹಾರುತ್ತದೆ.

ಹಳೆಯದನ್ನು ಗೆರಟೆಗೆ ಸುತ್ತಿ ಕೈಗಿತ್ತ.
‘ಹೊಳೆಗೆ ಎಸೆಯಬೇಡ. ನೀರುಕಾಗೆಯ ಕಾಲಿಗೆ ಸುತ್ತಿಕೊಳ್ಳುತ್ತದೆ.
ತೊಂಡೆಚಪ್ಪರಕ್ಕೆ ಕಟ್ಟು.’
ನಾನೂರ ಐವತ್ತು ಹೇಳಿದ.
ನಾನೂರ ಮೂವತ್ತು ಕೊಟ್ಟೆ.

ಸಂಜೆ ಮೊಗ್ರಾಲ್ ಸಂಕದ ಮೇಲೆ
ವಲೇರಿಯನ್ ಇದ್ದರು, ಕೋಲಿಲ್ಲದೆ, ಎಂದಿನ ಹಾಗೆ,
ನಮ್ಮೆಲ್ಲರ ಎಸೆತಕ್ಕೂ ತಪ್ಪು ಹುಡುಕುತ್ತ.
ರೀಲನ್ನು ಎತ್ತಿಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡಿದರು.
‘ಅಡಿಯಲ್ಲಿ?’
ನಿಮ್ಮದೇ.
ಏನೂ ಹೇಳಲಿಲ್ಲ.
ಸ್ವಲ್ಪ ಹೊತ್ತಿನ ಮೇಲೆ,
‘ಕಾಣೆ ಬರುವ ಹೊತ್ತು ಐತಪ್ಪಾ,
ಅಷ್ಟು ದೂರ ಯಾಕೆ, ಇಲ್ಲೇ ಕಂಬದ ಬುಡಕ್ಕೆ ಎಸೆ.’